ನೆಗೆಟಿವ್ ಇಲ್ಲದ ಚಿತ್ರ

ಜಯನಗರ, ಬನಶಂಕರಿಯ ಹಳೆಯ ಬಡಾವಣೆಗಳಲ್ಲಿ ಮನೆಗಳು ಒಂದೊಂದಾಗಿ ನೆಲಸಮವಾಗಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮನೆ ಖಾಲಿ ಮಾಡುವ ದಿನ ಅಟ್ಟದಿಂದ ಏನೇನೋ ಇಳಿಯುತ್ತದೆ. ತಳ ಸವೆದ ಹಿತ್ತಾಳೆ ಕೊಳಗ, ದಸರಾ ಗೊಂಬೆಗಳ ಪೆಟ್ಟಿಗೆ, ದಾರ ಕಟ್ಟಿದ ಹಳೆಯ ವಾರಪತ್ರಿಕೆಗಳ ಕಂತೆ. ಇವುಗಳ ನಡುವೆ ಒಮ್ಮೊಮ್ಮೆ ಅಂಗೈ ಅಗಲದ ಹಳದಿ ಡಬ್ಬಿಗಳೂ ಸಿಗುವುದುಂಟು. ತೆರೆದರೆ ಒಳಗೆ ಇಸ್ಪೀಟು ಎಲೆಗಳಂತೆ ಜೋಡಿಸಿಟ್ಟ ರಟ್ಟಿನ ಚೌಕಗಳು. ಪ್ರತಿ ಚೌಕದ ನಡುವೆ ಅಂಚೆಚೀಟಿಯಷ್ಟು ಅಗಲದ ಫಿಲ್ಮಿನ ತುಂಡು. ಕೈಯಲ್ಲಿಟ್ಟು ನೋಡಿದರೆ ಬರೀ ಕಪ್ಪು. ಕಿಟಕಿಯ ಬೆಳಕಿಗೆ ಹಿಡಿದರೆ ಲಾಲ್‌ಬಾಗಿನ ಗಾಜಿನ ಮನೆ, ಅದರ ಮುಂದೆ ರೇಷ್ಮೆ ಸೀರೆಯುಟ್ಟು ನಿಂತ ಅಜ್ಜಿ, ಪಕ್ಕದಲ್ಲಿ ಅಂಬಾಸಿಡರ್ ಕಾರಿಗೆ ಒರಗಿದ ತಾತ! ಬಣ್ಣ ನಿನ್ನೆ ಮೊನ್ನೆ ತೆಗೆದಂತಿರುತ್ತದೆ.

ಅದೇ ಸ್ಲೈಡ್. ಗುಜರಿಯವನ ತಕ್ಕಡಿಯಲ್ಲಿ ಒಂದು ಡಬ್ಬಿಯ ತೂಕ ನೂರು ಗ್ರಾಮಿನ ಆಸುಪಾಸು. ಆದರೆ ಅದನ್ನು ತೂಕಕ್ಕೆ ಹಾಕುವ ಮುನ್ನ ಮನೆಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ಆ ಚಿತ್ರಕ್ಕೆ ನೆಗೆಟಿವ್ ಇಲ್ಲ. ಅಜ್ಜಿಯ ಮುಖದಿಂದ ಹೊರಟ ಬೆಳಕು ಕ್ಯಾಮೆರಾದೊಳಗೆ ಯಾವ ಫಿಲ್ಮಿನ ಮೇಲೆ ಬಿದ್ದಿತೋ ಅದೇ ಫಿಲ್ಮು, ತೊಳೆದು ಬಣ್ಣಗೊಂಡು, ರಟ್ಟಿನ ಚೌಕಟ್ಟಿನಲ್ಲಿ ಕುಳಿತಿದೆ. ಆಲ್ಬಂನ ಫೋಟೋ ಹರಿದರೆ ನೆಗೆಟಿವ್ ಹುಡುಕಿ ಇನ್ನೊಂದು ಪ್ರಿಂಟ್ ಹಾಕಿಸಬಹುದು. ಸ್ಲೈಡ್ ಹೋದರೆ ಹೋಯಿತು.

ಸ್ಲೈಡ್ ಫಿಲ್ಮಿಗೆ ಸಂಬಂಧಿಸಿದ ಬಹುಪಾಲು ಕಷ್ಟಗಳೂ, ಅದರ ಸೊಗಸೂ ಈ ಒಂದು ಸಂಗತಿಯಿಂದಲೇ ಹುಟ್ಟಿದಂಥವು. ಇಂದಿಗೂ ಈ ಫಿಲ್ಮನ್ನು ಹುಡುಕಿ ತಂದು, ಚಿತ್ರ ತೆಗೆದು, ಬಚ್ಚಲುಮನೆಯಲ್ಲಿ ತೊಳೆದು, ಗೋಡೆಯ ಮೇಲೆ ಬಿಟ್ಟು ನೋಡುವ ಹವ್ಯಾಸಿಗಳಿದ್ದಾರೆ. ಅವರ ಪಾಡೇನು, ಅಟ್ಟದ ಡಬ್ಬಿಗಳ ಗತಿಯೇನು ಎಂಬೆರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ.

ಇಬ್ಬರು ಸಂಗೀತಗಾರರ ಫಿಲ್ಮು

ಬೆಳಕನ್ನು ಗಾಜಿನ ಚಿತ್ರದ ಮೂಲಕ ಹಾಯಿಸಿ ಗೋಡೆಯ ಮೇಲೆ ಮೂಡಿಸುವ ‘ಮ್ಯಾಜಿಕ್ ಲ್ಯಾಂಟರ್ನ್’ ಬಹಳ ಹಳೆಯದು. ಕ್ರೈಸ್ತ ಮಿಷನರಿಗಳು ಅದನ್ನು ಹಳ್ಳಿ ಹಳ್ಳಿಗೆ ಹೊತ್ತು ತಿರುಗಿದವರು. ಆದರೆ ಜೇಬಿನಲ್ಲಿಟ್ಟುಕೊಳ್ಳುವ ಬಣ್ಣದ ಸ್ಲೈಡ್ ಬಂದದ್ದು ಅಮೆರಿಕದ ಕೊಡಾಕ್ ಕಂಪೆನಿಯ ‘ಕೊಡಾಕ್ರೋಮ್’ನಿಂದ. 1935ರಲ್ಲಿ ಸಿನಿಮಾ ಫಿಲ್ಮಾಗಿಯೂ, 1936ರಲ್ಲಿ ಸ್ಥಿರಚಿತ್ರದ 35 ಮಿಲಿಮೀಟರ್ ಫಿಲ್ಮಾಗಿಯೂ ಇದು ಮಾರುಕಟ್ಟೆಗೆ ಬಂತು. ಕಂಡುಹಿಡಿದವರು ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗೊಡೌಸ್ಕಿ ಎಂಬ ಇಬ್ಬರು ಸ್ನೇಹಿತರು. ಒಬ್ಬರು ಪಿಯಾನೋ ವಾದಕ, ಇನ್ನೊಬ್ಬರು ಪಿಟೀಲು ವಾದಕ. ಕತ್ತಲ ಕೋಣೆಯಲ್ಲಿ ಗಡಿಯಾರ ಕಾಣದೆ, ರಾಗ ಗುನುಗುತ್ತಾ ಅದರ ಲಯದಿಂದಲೇ ಸಮಯ ಅಳೆಯುತ್ತಿದ್ದರು ಎಂಬ ಕಥೆ ಇವರ ಬಗ್ಗೆ ಪ್ರಚಲಿತ. ಅದೇ 1936ರಲ್ಲಿ ಜರ್ಮನಿಯ ಅಗ್ಫಾ ಕಂಪೆನಿಯೂ ಬಣ್ಣದ ಸ್ಲೈಡ್ ಫಿಲ್ಮು ಹೊರತಂದಿತು.

ಕೊಡಾಕ್ರೋಮ್‌ನ ವಿಶೇಷವೆಂದರೆ ಫಿಲ್ಮಿನಲ್ಲಿ ಬಣ್ಣದ ಮೂಲದ್ರವ್ಯವೇ ಇರಲಿಲ್ಲ. ತೊಳೆಯುವಾಗ ಮೂರು ಪದರಗಳಿಗೆ ಮೂರು ಬಣ್ಣವನ್ನು ಹೊರಗಿನಿಂದ ಕೂಡಿಸಬೇಕಿತ್ತು. ಇದು ದೊಡ್ಡ ಪ್ರಯೋಗಾಲಯಗಳಿಗಷ್ಟೇ ಸಾಧ್ಯವಿದ್ದ ಕೆಲಸ. 1946ರಲ್ಲಿ ಬಂದ ‘ಎಕ್ಟಾಕ್ರೋಮ್’ನಲ್ಲಿ ಬಣ್ಣದ ದ್ರವ್ಯಗಳು ಫಿಲ್ಮಿನ ಪದರದಲ್ಲೇ ಅಡಗಿದ್ದವು. ಹಾಗಾಗಿ ಸಣ್ಣ ಸ್ಟುಡಿಯೋದವರೂ, ಮನೆಯಲ್ಲಿ ಹವ್ಯಾಸಿಗಳೂ ಅದನ್ನು ತೊಳೆಯುವಂತಾಯಿತು. 1970ರ ದಶಕದ ಮಧ್ಯಭಾಗದಲ್ಲಿ ಬಂದ ‘ಇ-6’ ಎಂಬ ಸಂಸ್ಕರಣಾ ವಿಧಾನವೇ ಇಂದಿಗೂ ಚಾಲ್ತಿಯಲ್ಲಿದೆ. ಜಪಾನಿನ ಫ್ಯೂಜಿ ಕಂಪೆನಿಯ ‘ವೆಲ್ವಿಯಾ’ (1990) ಹಸಿರನ್ನು ಇನ್ನಷ್ಟು ಹಸಿರಾಗಿ, ಸೂರ್ಯಾಸ್ತವನ್ನು ಇನ್ನಷ್ಟು ಕೆಂಪಾಗಿ ತೋರಿಸಿ ನಿಸರ್ಗ ಛಾಯಾಗ್ರಾಹಕರನ್ನು ಮರುಳುಮಾಡಿತು. ಮಲೆನಾಡಿನ ಕಾಡು ಇಷ್ಟು ಹಸಿರೇ ಎಂದು ಮಲೆನಾಡಿನವರೇ ಬೆರಗಾಗುವಷ್ಟು!

ನಮ್ಮ ದೇಶದಲ್ಲಿ ಆಮದು ನಿರ್ಬಂಧದ ಆ ದಿನಗಳಲ್ಲಿ ಸ್ಲೈಡ್ ಫಿಲ್ಮು ದುರ್ಲಭ ವಸ್ತುವೇ ಆಗಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಹೆಸರಾಗಿದ್ದು ಮುಖ್ಯವಾಗಿ ‘ಇಂದು’ ಕಪ್ಪುಬಿಳುಪು ಫಿಲ್ಮಿಗೆ, ಆಸ್ಪತ್ರೆಯ ಎಕ್ಸ್-ರೇ ಫಿಲ್ಮಿಗೆ. ಬಣ್ಣದ ಸ್ಲೈಡ್ ಬೇಕೆಂದರೆ ಪೂರ್ವ ಜರ್ಮನಿಯ ‘ಆರ್ವೋ’ವನ್ನು ಹುಡುಕಬೇಕು, ಇಲ್ಲವೇ ಅಮೆರಿಕದಿಂದ ಬರುವ ಭಾವಮೈದುನನಿಗೆ ಮೊದಲೇ ಪತ್ರ ಬರೆಯಬೇಕು. ಹೀಗೆ ಬಂದ ರೋಲಿನ 36 ಚಿತ್ರಗಳನ್ನು ಮನೆಯವರು ಜೋಪಾನವಾಗಿ, ಹಬ್ಬಕ್ಕೊಂದು ಪ್ರವಾಸಕ್ಕೆರಡು ಎಂಬಂತೆ ಖರ್ಚು ಮಾಡುತ್ತಿದ್ದರು. ಅಟ್ಟದ ಡಬ್ಬಿಯ ಚಿತ್ರಗಳಲ್ಲಿ ಎಲ್ಲರೂ ಒಳ್ಳೆಯ ಬಟ್ಟೆ ತೊಟ್ಟು ನೆಟ್ಟಗೆ ನಿಂತಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕತ್ತಲ ಸಭಾಂಗಣದ ದಿನಗಳು

ಬೆಂಗಳೂರಿಗೆ ಸ್ಲೈಡಿನ ನಂಟು ಗಾಢವಾದದ್ದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರಿಂದ ಹೆಸರಾದ ನಗರ ಇದು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹವ್ಯಾಸಿಗಳನ್ನು ತಿದ್ದಿದವು. ಆ ಕಾಲದ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಕಪ್ಪುಬಿಳುಪು ಪ್ರಿಂಟ್, ಬಣ್ಣದ ಪ್ರಿಂಟ್ ಜೊತೆಗೆ ಬಣ್ಣದ ಸ್ಲೈಡುಗಳದೇ ಪ್ರತ್ಯೇಕ ವಿಭಾಗವಿರುತ್ತಿತ್ತು. ತೀರ್ಪುಗಾರರು ಕತ್ತಲಲ್ಲಿ ಕುಳಿತು, ಪರದೆಯ ಮೇಲೆ ಕೆಲವೇ ಸೆಕೆಂಡು ಮಿಂಚುವ ಚಿತ್ರಕ್ಕೆ ಅಂಕ ಕೊಡುತ್ತಿದ್ದರು. ಮುಂದೆ ಆ ಜಾಗಕ್ಕೆ ಡಿಜಿಟಲ್ ಚಿತ್ರಗಳ ವಿಭಾಗ ಬಂತು.

ಪತ್ರಿಕಾ ಕಚೇರಿಗಳಿಗೂ ಸ್ಲೈಡೇ ಬೇಕಿತ್ತು. ಬಣ್ಣದ ಮುಖಪುಟ ಅಚ್ಚಾಗಬೇಕಾದರೆ ಚಿತ್ರವನ್ನು ನಾಲ್ಕು ಬಣ್ಣಗಳಾಗಿ ಬಿಡಿಸಬೇಕು. ಅದಕ್ಕೆ ಕಾಗದದ ಪ್ರಿಂಟಿಗಿಂತ ‘ಟ್ರಾನ್ಸ್‌ಪರೆನ್ಸಿ’ ವಾಸಿ. ಅಂಚೆಯಲ್ಲಿ ಅದು ಕಳೆದುಹೋದರೆ ಛಾಯಾಗ್ರಾಹಕನ ಬಳಿ ಏನೂ ಉಳಿಯುತ್ತಿರಲಿಲ್ಲ. ಆದ್ದರಿಂದ ಬುದ್ಧಿವಂತರು ಒಳ್ಳೆಯ ದೃಶ್ಯ ಸಿಕ್ಕಾಗ ಒಂದೇ ಚಿತ್ರವನ್ನು ಮೂರು ನಾಲ್ಕು ಬಾರಿ ಕ್ಲಿಕ್ಕಿಸಿಡುತ್ತಿದ್ದರು. ನಕಲು ಮಾಡುವ ಬದಲು ಮೂಲವನ್ನೇ ಹೆಚ್ಚು ಮಾಡಿಕೊಳ್ಳುವ ಉಪಾಯ ಅದು.

ದಕ್ಷಿಣ ಬೆಂಗಳೂರಿನಲ್ಲಿ ಸ್ಲೈಡ್ ಪ್ರದರ್ಶನಕ್ಕೆ ಹೇಳಿಮಾಡಿಸಿದ ಸಭಿಕರಿದ್ದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನದ ಉಪನ್ಯಾಸ ಕೇಳುವ ಅಭ್ಯಾಸವನ್ನು ಈ ಭಾಗದ ಜನರಿಗೆ ಹಚ್ಚಿತು. ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಬೈನಾಕ್ಯುಲರ್ ಹಿಡಿದು ಸೇರುವ ಪಕ್ಷಿವೀಕ್ಷಕರ ಪರಂಪರೆ 1970ರ ದಶಕದಷ್ಟು ಹಳೆಯದು. ನಕ್ಷತ್ರ, ಹಕ್ಕಿ, ಹಂಪಿ, ಹೃದಯದ ಶಸ್ತ್ರಚಿಕಿತ್ಸೆ, ಉಪನ್ಯಾಸದ ವಿಷಯ ಯಾವುದೇ ಇರಲಿ, ಆ ದಶಕಗಳಲ್ಲಿ ಉಪನ್ಯಾಸಕರ ಚೀಲದಲ್ಲಿ ಸ್ಲೈಡುಗಳ ಟ್ರೇ ಇರುತ್ತಿತ್ತು. ‘ನೆಕ್ಸ್ಟ್ ಸ್ಲೈಡ್ ಪ್ಲೀಸ್’ ಎಂದಾಗ ಹಿಂದೆ ಕುಳಿತವರು ಗುಂಡಿ ಒತ್ತಬೇಕು, ಯಂತ್ರ ‘ಕ್ಲಕ್’ ಎನ್ನಬೇಕು. ಇಂದು ಜೆ.ಪಿ. ನಗರದ ಸಾಫ್ಟ್‌ವೇರ್ ಕಚೇರಿಯಲ್ಲಿ ‘ಸ್ಲೈಡ್ಸ್ ರೆಡಿ ಇದೆಯಾ’ ಎಂದು ಕೇಳುವ ತರುಣರ ಬಾಯಲ್ಲಿರುವುದು ಅದೇ ಪದ. 1987ರಲ್ಲಿ ಬಂದ ಪವರ್‌ಪಾಯಿಂಟ್ ತಂತ್ರಾಂಶ ಆರಂಭದ ವರ್ಷಗಳಲ್ಲಿ ನಿಜವಾದ 35 ಮಿ.ಮೀ. ಸ್ಲೈಡ್ ಮಾಡಿಸಿಕೊಳ್ಳಲೂ ಬಳಕೆಯಾಗುತ್ತಿತ್ತು.

ಮನೆಗಳಲ್ಲಿ ನಡೆಯುತ್ತಿದ್ದ ‘ಸ್ಲೈಡ್ ಶೋ’ದ ಮಾತೇ ಬೇರೆ. ಗೋಡೆಗೆ ಬಿಳಿ ಪಂಚೆ ಇಳಿಬಿಟ್ಟು, ಅಕ್ಕಪಕ್ಕದವರನ್ನು ಕರೆದು, ಚಕ್ಕುಲಿ ಕಾಫಿ ಕೊಟ್ಟು ನಯಾಗರ ಜಲಪಾತ ತೋರಿಸುವುದು. ನೂರನೇ ಸ್ಲೈಡಿನ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಿದ್ದರೂ ಆತಿಥೇಯರ ಉತ್ಸಾಹ ಇಳಿಯುತ್ತಿರಲಿಲ್ಲ. ಲೋಡ್‌ಶೆಡ್ಡಿಂಗ್ ಕೃಪೆಯಿಂದ ಪಾರಾದ ಅತಿಥಿಗಳೂ ಉಂಟು.

ಈ ವೈಭವ ಕುಸಿದದ್ದು ಬಹಳ ಬೇಗ. 1961ರಿಂದ ಮನೆಮಾತಾಗಿದ್ದ, ದುಂಡನೆಯ ಟ್ರೇನಲ್ಲಿ 80 ಸ್ಲೈಡ್ ಹಿಡಿಯುವ ‘ಕೆರೊಸೆಲ್’ ಪ್ರೊಜೆಕ್ಟರ್ ತಯಾರಿಕೆಯನ್ನು ಕೊಡಾಕ್ 2004ರಲ್ಲಿ ನಿಲ್ಲಿಸಿತು. 2009ರಲ್ಲಿ ಕೊಡಾಕ್ರೋಮ್‌ಗೂ ವಿದಾಯ. ಅದರ ಕೊನೆಯ ರೋಲನ್ನು ಪಡೆದ ಛಾಯಾಗ್ರಾಹಕ ಸ್ಟೀವ್ ಮೆಕರಿ ಅದರ ಕೆಲವು ಚಿತ್ರಗಳನ್ನು ಭಾರತಕ್ಕೆ ಬಂದು ತೆಗೆದರು. ಅಮೆರಿಕದ ಕನ್ಸಾಸ್ ರಾಜ್ಯದ ಪುಟ್ಟ ಊರೊಂದರಲ್ಲಿದ್ದ ಜಗತ್ತಿನ ಕಟ್ಟಕಡೆಯ ಕೊಡಾಕ್ರೋಮ್ ಪ್ರಯೋಗಾಲಯ 2010ರ ಡಿಸೆಂಬರ್ 30ರ ನಂತರ ರೋಲು ಸ್ವೀಕರಿಸಲಿಲ್ಲ. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿದ ವರ್ಷವೇ ಎಕ್ಟಾಕ್ರೋಮ್ ಕೂಡ ನಿಂತಿತು. ಕಥೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದಾಗ 2018ರಲ್ಲಿ ‘ಎಕ್ಟಾಕ್ರೋಮ್ ಇ-100’ ಮರಳಿ ಬಂತು. ಕಾರಣ, ಮೊಬೈಲಿನಲ್ಲಿ ಸಾವಿರಾರು ಚಿತ್ರ ತೆಗೆದು ದಣಿದ ಹೊಸ ತಲೆಮಾರಿನ ಫಿಲ್ಮು ವ್ಯಾಮೋಹ. ಫ್ಯೂಜಿಯ ವೆಲ್ವಿಯಾ, ಪ್ರೊವಿಯಾ ಫಿಲ್ಮುಗಳೂ ಇವೆ, ಆದರೆ ಸುಲಭಕ್ಕೆ ಸಿಗವು.

ಅರ್ಧ ಮೆಟ್ಟಿಲು ತಪ್ಪಿದರೆ

ಇಂದು 36 ಚಿತ್ರದ ಒಂದು ಸ್ಲೈಡ್ ರೋಲಿಗೆ ಎರಡು ಸಾವಿರ ರೂಪಾಯಿಗೂ ಹೆಚ್ಚು ತೆರಬೇಕು. ಅಂದರೆ ತೊಳೆಯುವ ಖರ್ಚು ಬಿಟ್ಟೇ ಪ್ರತಿ ಕ್ಲಿಕ್ಕಿಗೆ ಐವತ್ತೈದು ರೂಪಾಯಿ. ದುಡ್ಡಿಗಿಂತ ದೊಡ್ಡ ತೊಡಕು ಈ ಫಿಲ್ಮಿನ ಮುಂಗೋಪ.

ಸಾಮಾನ್ಯ ಬಣ್ಣದ ನೆಗೆಟಿವ್ ಫಿಲ್ಮು ತುಂಬಾ ಸಹನಶೀಲ. ಬೆಳಕು ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಬಿದ್ದರೂ ಪ್ರಿಂಟ್ ಹಾಕುವಾಗ ಸರಿಪಡಿಸಬಹುದು. ಸ್ಲೈಡಿಗೆ ‘ಪ್ರಿಂಟ್ ಹಾಕುವಾಗ’ ಎಂಬ ಹಂತವೇ ಇಲ್ಲವಲ್ಲ! ಕ್ಯಾಮೆರಾದ ಅರ್ಧ ‘ಸ್ಟಾಪ್’ ಹೆಚ್ಚಾದರೆ ಅಜ್ಜಿಯ ಹಣೆ ಬೆಳ್ಳಗೆ ಬೋಳಾಗುತ್ತದೆ. ಅರ್ಧ ಕಡಿಮೆಯಾದರೆ ಸೀರೆಯ ಅಂಚು ಕತ್ತಲಲ್ಲಿ ಮುಳುಗುತ್ತದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದಾಗ ಅನುಭವಿಗಳು ಕತ್ತಲನ್ನೇ ಆರಿಸುತ್ತಾರೆ. ಕಪ್ಪಾದ ಸ್ಲೈಡಿನ ಹಿಂದೆ ಜೋರು ಬೆಳಕು ಹಾಕಿದರೆ ಒಂದಿಷ್ಟು ವಿವರ ಮರಳಿ ಕಾಣುತ್ತದೆ. ಬೆಳ್ಳಗಾದ ಕಡೆ ಫಿಲ್ಮಿನಲ್ಲಿ ಬಣ್ಣವೇ ಉಳಿದಿರುವುದಿಲ್ಲ.

ಬೆಂಗಳೂರಿನ ನಡುಮಧ್ಯಾಹ್ನ ಈ ಕಾರಣಕ್ಕೇ ಸ್ಲೈಡಿನ ಶತ್ರು. ಜಯನಗರದ ಸಾಲುಮರಗಳ ಕೆಳಗೆ ಹನ್ನೆರಡು ಗಂಟೆಗೆ ನಿಂತರೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆ ಕಣ್ಣು ಕುಕ್ಕುತ್ತದೆ, ನೆರಳು ಗಾಢವಾಗಿರುತ್ತದೆ. ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಸ್ಲೈಡ್ ಫಿಲ್ಮು ಹೊಂದಿಕೊಳ್ಳದು. ಅದೇ ಜಾಗಕ್ಕೆ ಬೆಳಿಗ್ಗೆ ಏಳಕ್ಕೆ ಹೋದರೆ, ಅಥವಾ ಜುಲೈ ತಿಂಗಳ ತೆಳುಮೋಡದ ದಿನ ಹೋದರೆ ಬೆಳಕು ನೆರಳು ರಾಜಿಯಾಗಿರುತ್ತವೆ. ಟಬೆಬುಯಾ ಮರಗಳು ಗುಲಾಬಿ ಬಣ್ಣಕ್ಕೆ ತಿರುಗುವ ವರ್ಷಾರಂಭದ ದಿನಗಳಲ್ಲಿ ಬಿಸಿಲು ಬೆನ್ನ ಹಿಂದಿರುವಂತೆ ನಿಂತು ತೆಗೆದರೆ ಸ್ಲೈಡಿನ ಬಣ್ಣಕ್ಕೆ ಸಾಟಿಯಿಲ್ಲ. ಬಿ.ಟಿ.ಎಂ. ಬಡಾವಣೆಯ ಮಡಿವಾಳ ಕೆರೆಯಲ್ಲಿ ಹೆಜ್ಜಾರ್ಲೆಯ ಬಿಳಿ ಗರಿ ತೆಗೆಯುವವರು ಮಾತ್ರ ಕ್ಯಾಮೆರಾದ ಮಾಪಕವನ್ನು ಪೂರ್ತಿ ನಂಬುವಂತಿಲ್ಲ. ಸುತ್ತಲ ಕಪ್ಪು ನೀರನ್ನು ನೋಡಿ ಮಾಪಕ ಹೆಚ್ಚು ಬೆಳಕು ಕೊಡು ಎನ್ನುತ್ತದೆ, ಹಕ್ಕಿ ಸುಣ್ಣದ ಮುದ್ದೆಯಾಗುತ್ತದೆ.

ಬಣ್ಣದ ವಿಷಯದಲ್ಲೂ ಇದೇ ಮುಂಗೋಪ. ಈ ಫಿಲ್ಮನ್ನು ಹಗಲಿನ ಬೆಳಕಿಗೆಂದು ರೂಪಿಸಲಾಗಿದೆ. ಹಳೆಯ ಹಳದಿ ಬಲ್ಬಿನ ಕೆಳಗೆ ಎಲ್ಲರ ಮುಖ ಕಿತ್ತಳೆ, ಟ್ಯೂಬ್‌ಲೈಟಿನ ಕೆಳಗೆ ಹಸಿರು. ಕಲ್ಯಾಣಮಂಟಪದಲ್ಲಿ ಫ್ಲ್ಯಾಶ್ ಇಲ್ಲದೆ ಸ್ಲೈಡ್ ತೆಗೆದವರ ಪಾಡು ಕೇಳುವಂತಿರಲಿಲ್ಲ.

ಬಕೆಟ್ ನೀರಿನಲ್ಲಿ 38 ಡಿಗ್ರಿ

ಇಂದು ಫಿಲ್ಮು ತೊಳೆಯುವ ಸ್ಟುಡಿಯೋಗಳು ಅಲ್ಲಲ್ಲಿ ಉಳಿದಿದ್ದರೂ ಹೆಚ್ಚಿನವು ಮಾಡುವುದು ಬಣ್ಣದ ನೆಗೆಟಿವ್ ಕೆಲಸ, ಅಂದರೆ ‘ಸಿ-41’ ವಿಧಾನ. ಸ್ಲೈಡ್ ರೋಲನ್ನು ಹೇಳದೆ ಕೇಳದೆ ಅಲ್ಲಿ ಕೊಟ್ಟರೆ ಬಣ್ಣಗೆಟ್ಟ ನೆಗೆಟಿವ್ ಕೈಗೆ ಬರುತ್ತದೆ, ಮತ್ತೆ ಸ್ಲೈಡ್ ಆಗದು. ‘ಇ-6 ಮಾಡುತ್ತೀರಾ’ ಎಂದು ಕೇಳಿಯೇ ಕೊಡಬೇಕು. ಇಲ್ಲವಾದರೆ ವಿದೇಶದಿಂದ ರಾಸಾಯನಿಕಗಳ ಕಿಟ್ ತರಿಸಿ ತಾವೇ ತೊಳೆದುಕೊಳ್ಳಬೇಕು.

ಸ್ಲೈಡ್ ಸಂಸ್ಕರಣೆಯ ಮರ್ಮ ಸೊಗಸಾದದ್ದು. ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕಿಗೆ ಸ್ಪಂದಿಸುವ ಮೂರು ಪದರಗಳಲ್ಲಿ ಬೆಳ್ಳಿಯ ಲವಣದ ಕಣಗಳಿವೆ. ಮೊದಲ ಡೆವಲಪರ್ ಬರೀ ಕಪ್ಪುಬಿಳುಪಿನದು. ಬೆಳಕು ಬಿದ್ದ ಕಣಗಳನ್ನು ಅದು ಕಪ್ಪು ಬೆಳ್ಳಿಯಾಗಿಸುತ್ತದೆ. ಈಗ ಫಿಲ್ಮಿನಲ್ಲಿರುವುದು ನೆಗೆಟಿವ್. ಬೆಳಕು ಬೀಳದ ಕಣಗಳು ಇನ್ನೂ ಹಾಗೇ ಉಳಿದಿವೆ. ಮುಂದಿನ ಹಂತದಲ್ಲಿ ರಾಸಾಯನಿಕವೊಂದು ಆ ಉಳಿದ ಕಣಗಳನ್ನೆಲ್ಲ ಬೆಳಕು ಬಿದ್ದಂತೆಯೇ ಪ್ರಚೋದಿಸುತ್ತದೆ. ಅನಂತರ ಬರುವ ಬಣ್ಣದ ಡೆವಲಪರ್ ಅವನ್ನು ಬೆಳ್ಳಿಯಾಗಿಸುವಾಗ, ಅವುಗಳ ಸುತ್ತ ಆಯಾ ಪದರದ ಬಣ್ಣ ಮೂಡುತ್ತದೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಎರಡೂ ಸಲದ ಬೆಳ್ಳಿಯನ್ನು ತೊಳೆದು ಹಾಕುತ್ತವೆ. ಬೆಳಕು ಬಿದ್ದ ಕಡೆ ಫಿಲ್ಮು ತಿಳಿಯಾಗಿ, ಬೀಳದ ಕಡೆ ಬಣ್ಣ ಗಾಢವಾಗಿ ಉಳಿಯುತ್ತದೆ. ನೆಗೆಟಿವ್ ಹುಟ್ಟಿದ್ದು ನಿಜ, ಆದರೆ ಅದು ಅದೇ ಫಿಲ್ಮಿನಲ್ಲಿ ಕೆಲವು ನಿಮಿಷ ಬಾಳಿ ಕರಗಿಹೋಯಿತು. ಮುಗಿದ ಸ್ಲೈಡಿನಲ್ಲಿ ಬೆಳ್ಳಿಯ ಕಣವೂ ಇರುವುದಿಲ್ಲ, ಬರೀ ಬಣ್ಣ.

ಇಡೀ ಕ್ರಿಯೆಯ ಪ್ರಾಣ ಮೊದಲ ಡೆವಲಪರಿನಲ್ಲಿದೆ. ಉಷ್ಣಾಂಶ 38 ಡಿಗ್ರಿ ಸೆಲ್ಷಿಯಸ್, ಅಂದರೆ ಮೈಬಿಸಿಗಿಂತ ಒಂದೇ ಡಿಗ್ರಿ ಹೆಚ್ಚು. ಸಮಯ ಆರು ನಿಮಿಷ ಚಿಲ್ಲರೆ. ಅರ್ಧ ಡಿಗ್ರಿ ಏರಿದರೂ ಸ್ಲೈಡ್ ಪೇಲವ, ಇಳಿದರೂ ಮಬ್ಬು. ಪ್ರಯೋಗಾಲಯದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಈ ಕೆಲಸವನ್ನು ಮನೆಯಲ್ಲಿ ಮಾಡುವವರಿಗೆ ಒದಗುವುದು ಗೀಸರಿನ ಬಿಸಿನೀರು, ಒಂದು ಬಕೆಟ್, ಒಂದು ಒಳ್ಳೆಯ ಥರ್ಮಾಮೀಟರ್. ಬಕೆಟ್ಟಿನಲ್ಲಿ ನಲವತ್ತು ಡಿಗ್ರಿಯ ನೀರು ತುಂಬಿ, ಅದರಲ್ಲಿ ರಾಸಾಯನಿಕದ ಬಾಟಲಿಗಳನ್ನು ನಿಲ್ಲಿಸಿ, ಅವು ಹದಕ್ಕೆ ಬರುವವರೆಗೆ ಕಾಯಬೇಕು. ಅಮ್ಮ ಮೊಸರಿಗೆ ಹೆಪ್ಪು ಹಾಕುವಾಗ ಬೆರಳದ್ದಿ ನೋಡುವ ಹದ ಇಲ್ಲಿ ಸಾಲದು.

ನೀರಿನದೂ ಒಂದು ತಕರಾರಿದೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ಎಷ್ಟೋ ಮನೆಗಳಲ್ಲಿ ಬರುವುದು ಕೊಳವೆಬಾವಿಯ ಗಡಸುನೀರು. ಪಾತ್ರೆಯ ಮೇಲೆ ಬಿಳಿ ಕಲೆ ಬಿಡುವ ಈ ನೀರು ಸ್ಲೈಡಿನ ಮೇಲೂ ಬಿಡುತ್ತದೆ. ಆದ್ದರಿಂದ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೇಕು. ಒಣಗಿಸಲು ಬಚ್ಚಲುಮನೆಯೇ ಶ್ರೇಷ್ಠ. ಸ್ವಲ್ಪ ಹೊತ್ತು ಬಿಸಿನೀರು ಬಿಟ್ಟು ಆವಿ ಎಬ್ಬಿಸಿದರೆ ಗಾಳಿಯ ದೂಳು ಕೆಳಗಿಳಿಯುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿರುವವರು ಇದನ್ನು ಮರೆಯಬಾರದು. ಸದ್ಯದ ದಕ್ಷಿಣ ಬೆಂಗಳೂರಿನಲ್ಲಿ ಪಕ್ಕದ ಸೈಟಿನಲ್ಲಿ ಏನೂ ಕಟ್ಟದಿರುವ ಮನೆ ಅಪರೂಪ. ಬಣ್ಣದ ಡೆವಲಪರ್ ಚರ್ಮಕ್ಕೆ ಒಗ್ಗದು, ಕೈಗವಸು ಬೇಕು. ಉಳಿದ ಬ್ಲೀಚ್, ಫಿಕ್ಸರುಗಳಲ್ಲಿ ಫಿಲ್ಮಿನಿಂದ ಕರಗಿಬಂದ ಬೆಳ್ಳಿ ಇರುತ್ತದೆ. ಅದನ್ನು ಮಳೆನೀರಿನ ಚರಂಡಿಗೆ ಸುರಿದರೆ ಅದು ಸೇರುವುದು ಹೆಜ್ಜಾರ್ಲೆಗಳಿರುವ ಕೆರೆಗೇ. ಡಬ್ಬಿಯಲ್ಲಿ ತುಂಬಿಟ್ಟು ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಒಪ್ಪಿಸುವುದು ಕ್ರಮ.

ಅಟ್ಟದಲ್ಲಿ ತೊಳೆಯದ ಹಳೆಯ ರೋಲು ಸಿಕ್ಕರೆ ಅದರ ಮೇಲಿನ ಹೆಸರು ನೋಡದೆ ಏನೂ ಮಾಡಬಾರದು. ಕೊಡಾಕ್ರೋಮ್ ಆಗಿದ್ದರೆ ಬಣ್ಣದ ಆಸೆ ಬಿಡಬೇಕು. ಅದನ್ನೀಗ ಕಪ್ಪುಬಿಳುಪಾಗಿ ಮಾತ್ರ ತೊಳೆಯಲು ಸಾಧ್ಯ. ಆರ್ವೋ ಸ್ಲೈಡ್ ಫಿಲ್ಮಿನ ಪದರ ಇ-6ರ ಬಿಸಿಯನ್ನು ತಾಳದೆ ಕಳಚಿಕೊಳ್ಳುತ್ತದೆ.

ನೋಡಿದಷ್ಟೂ ಸವೆಯುವ ಚಿತ್ರ

ಸ್ಲೈಡನ್ನು ಕಿಟಕಿಗೆ ಹಿಡಿದು ನೋಡಿದವರು ಅರ್ಧ ನೋಡಿದಂತೆ. ಅದು ಹುಟ್ಟಿದ್ದೇ ಕತ್ತಲ ಕೋಣೆಗಾಗಿ. ಕಾಗದದ ಪ್ರಿಂಟಿನಲ್ಲಿ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು ನೂರು ಪಟ್ಟು. ಸ್ಲೈಡಿನಲ್ಲಿ ಅದು ಸಾವಿರದ ಲೆಕ್ಕಕ್ಕೆ ಹೋಗುತ್ತದೆ. ದೀಪದ ಜ್ವಾಲೆ ಪರದೆಯ ಮೇಲೆ ನಿಜಕ್ಕೂ ಉರಿಯುತ್ತಿರುವಂತೆ ತೋರುವುದು ಇದರಿಂದ.

ಲೆಕ್ಕ ಸುಲಭ. 90 ಮಿ.ಮೀ. ಲೆನ್ಸಿನ ಪ್ರೊಜೆಕ್ಟರನ್ನು ಗೋಡೆಯಿಂದ ಹತ್ತಡಿ ದೂರವಿಟ್ಟರೆ ನಾಲ್ಕಡಿ ಅಗಲದ ಚಿತ್ರ ಬೀಳುತ್ತದೆ. ಅಂದರೆ 36 ಮಿ.ಮೀ. ಫಿಲ್ಮು 34 ಪಟ್ಟು ಹಿಗ್ಗುತ್ತದೆ. ಕಣ್ಣಿಗೆ ಕಾಣದ ದೂಳಿನ ಎಳೆ ಪರದೆಯ ಮೇಲೆ ಶ್ಯಾವಿಗೆಯಾಗುತ್ತದೆ. ಸ್ಲೈಡನ್ನು ನೇರವಾಗಿ ನೋಡಿ, ತಲೆಕೆಳಗು ಮಾಡಿ ಟ್ರೇಗೆ ಇಳಿಸಬೇಕು. ಮರೆಯದಿರಲೆಂದೇ ಹಿಂದಿನವರು ಚೌಕಟ್ಟಿನ ಎಡ ಕೆಳಮೂಲೆಯಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದರು. ತಿರುಗಿಸಿದಾಗ ಅದು ಬಲ ಹೆಬ್ಬೆರಳಿನಡಿ ಬರುತ್ತದೆ. ಅಮೆರಿಕದಿಂದ ಬಂದ ಪ್ರೊಜೆಕ್ಟರ್ ಆದರೆ ಅದರ ಬೆನ್ನಿನ ಮೇಲೆ 120 ವೋಲ್ಟ್ ಎಂದು ಬರೆದಿದೆಯೇ ನೋಡಬೇಕು. ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಬಲ್ಬು ಒಮ್ಮೆ ಜೋರಾಗಿ ನಕ್ಕು ಸುಮ್ಮನಾಗುತ್ತದೆ. ಬಲ್ಬೇ ಈಗ ದೊಡ್ಡ ಚಿಂತೆ. ಹಳೆಯ ಯಂತ್ರ ಕೊಳ್ಳುವವರು ಯಂತ್ರಕ್ಕಿಂತ ಮೊದಲು ಅದರ ಬಲ್ಬು ಸಿಗುತ್ತದೆಯೇ ವಿಚಾರಿಸುವುದು ಜಾಣತನ. 24 ವೋಲ್ಟಿನ 150 ಅಥವಾ 250 ವ್ಯಾಟ್ ಹ್ಯಾಲೊಜೆನ್ ಬಲ್ಬಿನ ಮಾದರಿಗಳಾದರೆ ವಾಸಿ.

ಆದರೆ ಆ ಬಲ್ಬಿನ ಬೆಳಕೇ ಸ್ಲೈಡನ್ನು ತಿನ್ನುತ್ತದೆ. ಒಂದು ಸ್ಲೈಡ್ ತನ್ನ ಇಡೀ ಆಯುಷ್ಯದಲ್ಲಿ ಬಣ್ಣಗೆಡದೆ ತಾಳಿಕೊಳ್ಳುವುದು ಒಟ್ಟು ಕೆಲವೇ ಗಂಟೆಗಳ ಪ್ರೊಜೆಕ್ಷನ್. ಇದರಲ್ಲೂ ಒಂದು ವಿಚಿತ್ರವಿದೆ. ಕತ್ತಲಲ್ಲಿಟ್ಟರೆ ಅತಿ ಹೆಚ್ಚು ಕಾಲ ಬಾಳುವ ಕೊಡಾಕ್ರೋಮ್, ಬೆಳಕಿಗೆ ಒಡ್ಡಿದಾಗ ಎಲ್ಲಕ್ಕಿಂತ ಬೇಗ ಮಾಸುತ್ತದೆ. ಫ್ಯೂಜಿಯ ಸ್ಲೈಡುಗಳು ಪ್ರೊಜೆಕ್ಟರಿನ ಬೆಳಕನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ತಾಳುತ್ತವೆ. ಹಳೆಯ ಎಕ್ಟಾಕ್ರೋಮ್‌ಗಳು ಡಬ್ಬಿಯೊಳಗೆ ಇದ್ದಲ್ಲೇ ಕೆಂಪಗೆ ತಿರುಗಿರುವುದುಂಟು. ಅಟ್ಟದಿಂದ ಇಳಿದ ಅಜ್ಜಿಯ ಕೊಡಾಕ್ರೋಮ್ ಇಷ್ಟು ತಾಜಾ ಆಗಿರುವುದಕ್ಕೆ ಮುಖ್ಯ ಕಾರಣ, ಬಹುಶಃ ಅದನ್ನು ಯಾರೂ ನೋಡದೆ ಇದ್ದದ್ದು! ಯಾವಾಗಲೂ ತೋರಿಸುತ್ತಿದ್ದ ಅಚ್ಚುಮೆಚ್ಚಿನ ಸ್ಲೈಡು ಪಕ್ಕದ್ದಕ್ಕಿಂತ ಪೇಲವವಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಹಾಗಾಗಿ ಒಂದು ಸ್ಲೈಡನ್ನು ಪರದೆಯ ಮೇಲೆ ನಿಮಿಷಗಟ್ಟಲೆ ನಿಲ್ಲಿಸಿ ಕಥೆ ಹೇಳುವುದಕ್ಕಿಂತ, ಹತ್ತಿಪ್ಪತ್ತು ಸೆಕೆಂಡಿಗೆ ಮುಂದೆ ಸಾಗುವುದು ಒಳ್ಳೆಯದು. ಚಕ್ಕುಲಿ ತಿನ್ನುತ್ತಾ ಕುಳಿತ ಅತಿಥಿಗಳ ದೃಷ್ಟಿಯಿಂದಲೂ.

ಬೆಂಗಳೂರಿನಲ್ಲಿ ಬೆಳಕಿಗಿಂತ ಹೆಚ್ಚು ಸ್ಲೈಡುಗಳನ್ನು ಹಾಳುಮಾಡುವುದು ಬೂಷ್ಟು. ಬಣ್ಣ ಹಿಡಿದಿಟ್ಟಿರುವ ಜಿಲೆಟಿನ್ ಎಂಬುದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ವಸ್ತು, ಶಿಲೀಂಧ್ರಕ್ಕೆ ಮೃಷ್ಟಾನ್ನ. ಮಳೆಗಾಲದಲ್ಲಿ ಗಾಳಿಯ ತೇವ ಶೇ 65 ದಾಟಿ ತಿಂಗಳುಗಟ್ಟಲೆ ನಿಂತರೆ ಮುಚ್ಚಿದ ಬೀರುವಿನೊಳಗೆ ಜೇಡನ ಬಲೆಯಂಥ ಎಳೆಗಳು ಚಿತ್ರದ ಮೇಲೆ ಹಬ್ಬುತ್ತವೆ. ಗಾಜಿನ ಚೌಕಟ್ಟಿನಲ್ಲಿ ಭದ್ರ ಎಂದುಕೊಂಡವರಿಗೂ ನಿರಾಸೆಯಾಗಬಹುದು, ಒಳಗೆ ಸಿಕ್ಕಿಕೊಂಡ ತೇವ ಹೊರಹೋಗಲಾರದು. ಬೂಷ್ಟು ಕಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುವುದು ಅತಿ ದೊಡ್ಡ ತಪ್ಪು. ಬೂಷ್ಟು ಹಿಡಿದ ಜಿಲೆಟಿನ್ ನೀರಿನಲ್ಲಿ ಕರಗುವಂತಾಗಿರುತ್ತದೆ, ಬಟ್ಟೆಯ ಜೊತೆ ಚಿತ್ರವೂ ಬರುತ್ತದೆ. ಮೊದಲು ಒಣ ಜಾಗಕ್ಕೆ ತರಬೇಕು, ಮೆತ್ತನೆಯ ಕುಂಚದಿಂದ ಮೇಲಿನ ಎಳೆ ತೆಗೆಯಬೇಕು, ಆಮೇಲೂ ಬೇಕಿದ್ದರೆ ಫಿಲ್ಮ್ ಕ್ಲೀನರ್ ಅಥವಾ ನೀರಿನಂಶವಿಲ್ಲದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹತ್ತಿಗೆ ತಾಗಿಸಿ ಹಗುರವಾಗಿ ಒರೆಸಬಹುದು. ಡಬ್ಬಿಯಿಂದ ವಿನೆಗರಿನಂಥ ಹುಳಿ ವಾಸನೆ ಬಂದರೆ ಫಿಲ್ಮಿನ ತಳವೇ ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ನಕಲು ತೆಗೆಯಬೇಕು.

ನಕಲು ತೆಗೆಯಲು ದುಬಾರಿ ಸ್ಕ್ಯಾನರ್ ಇಲ್ಲದಿದ್ದರೂ ನಡೆಯುತ್ತದೆ. ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನ ಡಿಜಿಟಲ್ ಕ್ಯಾಮೆರಾ, ಒಂದು ಸ್ಟ್ಯಾಂಡು, ಹಿಂದಿನಿಂದ ಸಮನಾಗಿ ಬೆಳಗುವ ಬಿಳಿ ಲೈಟ್‌ಪ್ಯಾಡ್ ಸಾಕು. ಮೊಬೈಲಿನ ಪರದೆಯನ್ನೇ ಬೆಳಕಾಗಿಸಿದರೆ ಅದರ ಚುಕ್ಕೆಗಳು ಚಿತ್ರದಲ್ಲಿ ಮೂಡುವ ಸಂಭವವಿದೆ. ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನಿಟ್ಟು ಸ್ವಲ್ಪ ಅಂತರ ಕೊಡಬೇಕು. ನಕಲು ಕಂಪ್ಯೂಟರಿಗೆ ಹೋದ ಮೇಲೂ ಮೂಲವನ್ನು ಎಸೆಯುವಂತಿಲ್ಲ. ಹಾರ್ಡ್ ಡಿಸ್ಕ್ ಹತ್ತು ವರ್ಷ ಬಾಳಿದರೆ ಹೆಚ್ಚು, ಆ ಕೊಡಾಕ್ರೋಮ್ ಆಗಲೇ ಐವತ್ತು ದಾಟಿದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ತೆಗೆದು ನೋಡುವುದು, ಪೊಟ್ಟಣ ಬದಲಿಸುವುದು. ಅಟ್ಟ ಬೇಡ, ಹೆಂಚು ಅಥವಾ ತಾರಸಿಯ ಕೆಳಗೆ ಅಲ್ಲಿ ಬೇಸಿಗೆಯ ಶಾಖ ಹೆಚ್ಚು. ಕೆಳಗಿನ ಕೋಣೆಯ ಒಳಗೋಡೆಗೆ ತಾಗಿದ ಕಪಾಟು ಉತ್ತಮ.

ಗುಜರಿಯವನು ಬರುವ ಮುನ್ನ ಮಾಡಬಹುದಾದ ಇನ್ನೊಂದು ಕೆಲಸವಿದೆ. ಕೊಡಾಕ್ ಪ್ರಯೋಗಾಲಯಗಳಲ್ಲಿ ತೊಳೆದ ಅನೇಕ ಸ್ಲೈಡುಗಳ ರಟ್ಟಿನ ಅಂಚಿನಲ್ಲಿ ತಿಂಗಳು, ವರ್ಷದ ಮುದ್ರೆ ಇರುತ್ತದೆ. ಅದು ಫಿಲ್ಮು ತೊಳೆದ ದಿನಾಂಕ, ಚಿತ್ರ ತೆಗೆದದ್ದಲ್ಲ. ಹಬ್ಬಕ್ಕೊಂದರಂತೆ ತೆಗೆದ ರೋಲು ಕ್ಯಾಮೆರಾದಲ್ಲೇ ವರ್ಷ ಕಳೆದಿರಬಹುದು. ಯಾರ ಮದುವೆ, ಯಾವ ಊರು, ಕಾರಿಗೆ ಒರಗಿದವರು ಯಾರು ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಮನೆಯಲ್ಲಿ ಅದನ್ನು ಗುರುತಿಸಬಲ್ಲವರು ಯಾರಾದರೂ ಇದ್ದರೆ, ಒಂದು ಸಂಜೆ ಕಿಟಕಿಯ ಬಳಿ ಕೂರಿಸಿ, ಸ್ಲೈಡುಗಳನ್ನು ಒಂದೊಂದಾಗಿ ಕೈಗೆ ಕೊಟ್ಟು, ಅವರು ಹೇಳಿದ ಹೆಸರನ್ನು ಸೀಸದ ಕಡ್ಡಿಯಿಂದ ರಟ್ಟಿನ ಮೇಲೆ ಬರೆದಿಡಬಹುದು. ಬಾಲ್‌ಪೆನ್ ಬೇಡ, ಅದರ ಶಾಯಿ ಮುಂದಿನ ಸ್ಲೈಡಿಗೆ ಅಂಟುತ್ತದೆ.